ಸಿದ್ದಿಯರ ಮೂಲ: ತಳಿವಿಜ್ಞಾನದ ಸಾಕ್ಷ್ಯ

ಜನಾಂಗವೊಂದರ ಮೂಲವನ್ನು ನಿರ್ಣಯಿಸಲು ಅದರ ಭಾಷೆಯನ್ನೇ ಮುಖ್ಯ ಸಾಕ್ಷಿಯೆಂದು ನಂಬುವ ರೂಢಿ ವಿದ್ವತ್ ಲೋಕದಲ್ಲಿ ಬಹುಕಾಲದಿಂದ ಬೇರೂರಿದೆ. ಇಂತಿಂಥ ನುಡಿಗಳು ಒಂದೇ ಮೂಲದಿಂದ ಕವಲೊಡೆದವು ಎಂದು ಸಿದ್ಧವಾದೊಡನೆ, ಅವುಗಳನ್ನಾಡುವವರೂ ಒಂದೇ ಮೂಲಪುರುಷರ ಸಂತಾನವೆಂದು ಹೇಳಿಬಿಡುವುದು ಸುಲಭ. 1816ರಲ್ಲಿ ಎಲ್ಲಿಸ್ ಸೂಚಿಸಿ 1856ರಲ್ಲಿ ಕಾಲ್ಡ್‌ವೆಲ್ ವಿಸ್ತಾರವಾಗಿ ಸ್ಥಾಪಿಸಿದ ದಕ್ಷಿಣದ ಭಾಷೆಗಳ ಬಾಂಧವ್ಯವು ವ್ಯಾಕರಣದ ಹೋಲಿಕೆಗಳ ಮೇಲೆ ನಿಂತದ್ದು. ಆದರೆ ‘ದ್ರಾವಿಡ’ ಎಂಬ ಭಾಷಾವರ್ಗದ ಹೆಸರು ಜನಾಂಗದ ಹೆಸರೂ ಆಗಲು ಹೆಚ್ಚು ಕಾಲ ಹಿಡಿಯಲಿಲ್ಲ. ಈಚಿನ ದಶಕಗಳಲ್ಲಿ ಈ ವಿಚಾರಣೆಗೆ ಇನ್ನೊಂದು ಸಾಕ್ಷಿ ಬಂದು ನಿಂತಿದೆ. ಅದು ಮನುಷ್ಯನ ಜೀವಕೋಶದೊಳಗಿನ ವಂಶವಾಹಿ. ಭಾಷೆ ಹೇಳುವುದನ್ನೇ ಅದು ಹೇಳಬೇಕೆಂಬ ನಿಯಮವಿಲ್ಲ. ಎರಡೂ ಬೇರೆ ಬೇರೆ ಮಾತನ್ನಾಡಿದಾಗ ಒಂದನ್ನು ಸುಳ್ಳೆಂದು ತಳ್ಳಬೇಕಾಗಿಯೂ ಇಲ್ಲ.

ಈ ವಿಷಯದಲ್ಲಿ ಹಂಗೇರಿಯರ ನಿದರ್ಶನ ಪ್ರಸಿದ್ಧವಾದುದು. 1769ರ ಶುಕ್ರಸಂಕ್ರಮಣವನ್ನು ನೋಡಲು ನಾರ್ವೆಯ ಉತ್ತರದ ತುದಿಗೆ ಹೋದ ಯಾನೋಶ್ ಶಾಯ್ನೋವಿಚ್ ಎಂಬ ಪಾದ್ರಿ ಅಲ್ಲಿನ ಲಾಪ್ ಜನರ ಮಾತನ್ನು ಕೇಳಿ, ಅದಕ್ಕೂ ತನ್ನ ಹಂಗೇರಿಯನ್ ಭಾಷೆಗೂ ಇರುವ ಸಂಬಂಧವನ್ನು 1770ರಲ್ಲಿ ಪ್ರಕಟಿಸಿದನು. ಕುದುರೆಯೇರಿ ಬಂದ ವೀರರ ಸಂತತಿಯೆಂದು ಬೀಗುತ್ತಿದ್ದ ಹಂಗೇರಿಯ ಕುಲೀನರಿಗೆ ಮೀನೆಣ್ಣೆ ನಾರುವ ಈ ನಂಟಸ್ತಿಕೆ ರುಚಿಸಲಿಲ್ಲ. ಆದರೂ ಭಾಷೆಯ ಮಟ್ಟಿಗೆ ಆ ನಂಟು ನಿಜವೆಂದು ಮುಂದಿನ ಪಂಡಿತರು ಸ್ಥಿರಪಡಿಸಿದರು. ಹಂಗೇರಿಯನ್ ಯುರಾಲಿಕ್ ವರ್ಗದ ಭಾಷೆ. ಅದರ ಹತ್ತಿರದ ಬಂಧುಗಳಾದ ಖಾಂತಿ ಮತ್ತು ಮಾನ್ಸಿಗಳು ಪಶ್ಚಿಮ ಸೈಬೀರಿಯದಲ್ಲಿವೆ. ಆದರೆ ಇಂದಿನ ಹಂಗೇರಿಯರ ರಕ್ತವನ್ನು ಪರೀಕ್ಷಿಸಿದಾಗ ಅದು ಬಹುಮಟ್ಟಿಗೆ ನೆರೆಯ ಮಧ್ಯ ಯುರೋಪಿನವರ ರಕ್ತದಂತೆಯೇ ಕಂಡಿತು. ಯುರಾಲಿಕ್ ಭಾಷಿಕರಲ್ಲಿ ಹೇರಳವಾಗಿರುವ ಒಂದು ಪಿತೃವಂಶದ ಗುರುತು ಹತ್ತನೆಯ ಶತಮಾನದ ಹಂಗೇರಿಯನ್ ಗೋರಿಗಳ ಎಲುಬುಗಳಲ್ಲಿ ದೊರೆತಿದ್ದು, ಈಗಿನ ಹಂಗೇರಿಯರಲ್ಲಿ ಅತಿ ವಿರಳವಾಗಿದೆ. 895ರ ಸುಮಾರಿಗೆ ಬಂದು ನೆಲೆಸಿದವರು ತಮ್ಮ ಭಾಷೆಯನ್ನು ನಾಡಿಗೆ ಕೊಟ್ಟರು. ಅವರ ರಕ್ತ ನಾಡಿನ ಜನಸಮುದಾಯದಲ್ಲಿ ಕರಗಿಹೋಯಿತು.

ಇದಕ್ಕೆ ತದ್ವಿರುದ್ಧವಾದ ಉದಾಹರಣೆಯೊಂದು ಕರ್ನಾಟಕದಲ್ಲಿಯೇ ಇದೆ. ಅದು ಉತ್ತರಕನ್ನಡದ ಸಿದ್ದಿಯರದು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಶಿರಸಿ, ಜೋಯಿಡಾ ತಾಲೂಕುಗಳ ಕಾಡಂಚಿನ ಹಳ್ಳಿಗಳಲ್ಲಿಯೂ ಗಡಿಯಾಚೆಯ ಧಾರವಾಡ, ಬೆಳಗಾವಿ ಜಿಲ್ಲೆಗಳಲ್ಲಿಯೂ ಇವರು ವಾಸವಾಗಿದ್ದಾರೆ. ಇವರಲ್ಲಿ ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಎಂಬ ಮೂರು ಮತದವರೂ ಉಂಟು. ಹಿರಿಯರ ಪೂಜೆ ಮತಭೇದವನ್ನು ದಾಟಿ ಉಳಿದುಬಂದಿದೆ. ಮನೆಯಲ್ಲಿ ಕೊಂಕಣಿಯ ಒಂದು ಬಗೆ, ಕೆಲವರಲ್ಲಿ ಉರ್ದು ಅಥವಾ ಮರಾಠಿ, ಸಂತೆ, ಶಾಲೆ, ಕಚೇರಿಗಳಲ್ಲಿ ಕನ್ನಡ. ಹೀಗೆ ಇವರಾಡುವ ನುಡಿಗಳೆಲ್ಲ ಈ ನೆಲದವೇ. ಭಾಷೆಯೊಂದನ್ನೇ ನೆಚ್ಚಿ ಮೂಲವನ್ನು ಹುಡುಕಿದರೆ ಇವರು ಕೊಂಕಣ ತೀರದವರೆಂದೇ ತೀರ್ಮಾನಿಸಬೇಕಾದೀತು. ಆದರೆ ಇವರ ಪೂರ್ವಿಕರು ಆಫ್ರಿಕದಿಂದ ಬಂದವರೆಂಬುದು ಮೊದಲಿನಿಂದಲೂ ತಿಳಿದ ಸಂಗತಿ. ಟಿ. ಸಿ. ಪಾಲಾಕ್ಷಪ್ಪನವರು 1976ರಲ್ಲಿ ಪ್ರಕಟಿಸಿದ ಸಿದ್ದಿಯರ ಕುರಿತ ಗ್ರಂಥದಿಂದೀಚೆಗೆ ಈ ಸಮುದಾಯ ಸಮಾಜಶಾಸ್ತ್ರಜ್ಞರ ಗಮನವನ್ನು ಸೆಳೆಯುತ್ತಲೇ ಬಂದಿದೆ. ಉಳಿದಿದ್ದ ಪ್ರಶ್ನೆ, ಆಫ್ರಿಕದ ಯಾವ ಭಾಗದಿಂದ, ಯಾವಾಗ, ಯಾರ ಮೂಲಕ ಬಂದರು ಎಂಬುದು.

ಚರಿತ್ರೆ ಇದಕ್ಕೆ ಎರಡು ಉತ್ತರಗಳನ್ನು ಕೊಡಬಲ್ಲುದು. ಒಂದು, ದಕ್ಖನಿನ ಸುಲ್ತಾನರ ಆಸ್ಥಾನಗಳ ಹಬ್ಶಿಗಳು. ಅಹಮದನಗರವನ್ನು ಕಾಪಾಡಿದ ಮಲಿಕ್ ಅಂಬರ್ (ಮರಣ 1626), ಬಿಜಾಪುರದ ಮಹಮ್ಮದ್ ಆದಿಲ್‌ಶಾಹನ ಕಾಲದಲ್ಲಿ ಪ್ರಬಲನಾಗಿದ್ದ ಇಖ್ಲಾಸ್‌ಖಾನ್, ಜಂಜೀರಾದ ಸಿದ್ದಿ ನವಾಬರು ಈ ಗುಂಪಿಗೆ ಸೇರಿದವರು. ‘ಹಬ್ಶಿ’ ಎಂದರೆ ಅಬಿಸೀನಿಯ, ಅರ್ಥಾತ್ ಇಥಿಯೋಪಿಯದವನು. ‘ಸೀದಿ’ ಎಂಬುದು ಒಡೆಯ ಎಂಬರ್ಥದ ಅರಬ್ಬಿ ಗೌರವಸೂಚಕ. ಇನ್ನೊಂದು, 1510ರಲ್ಲಿ ಪೋರ್ಚುಗೀಸರ ವಶವಾದ ಗೋವೆ. ಮೊಜಾಂಬಿಕ್ ತೀರದಿಂದ ಹಡಗುಗಳಲ್ಲಿ ತಂದ ಗುಲಾಮರನ್ನು ಅಲ್ಲಿ ಮಾರಲಾಗುತ್ತಿತ್ತು. ತಪ್ಪಿಸಿಕೊಂಡವರಿಗೂ ಬಿಡುಗಡೆ ಹೊಂದಿದವರಿಗೂ ಘಟ್ಟದ ಕಾಡು ಆಸರೆಯಾಯಿತು. ಅರಸೊತ್ತಿಗೆಯ ನೆನಪು ಒಂದೆಡೆ, ಸಂಕೋಲೆಯ ನೆನಪು ಇನ್ನೊಂದೆಡೆ. ಸಮುದಾಯವೊಂದು ತನ್ನ ಹಿಂದಿನದನ್ನು ಹೇಳಿಕೊಳ್ಳುವಾಗ ಇವೆರಡರ ನಡುವಿನ ಅಂತರ ಅಲ್ಪವಾದುದಲ್ಲ.

2011ರಲ್ಲಿ ಎರಡು ಪ್ರಯೋಗಾಲಯಗಳು ಹೆಚ್ಚುಕಡಿಮೆ ಒಂದೇ ಸಮಯಕ್ಕೆ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡ ಫಲಿತಾಂಶಗಳನ್ನು ಪ್ರಕಟಿಸಿದವು. ಒಂದು ಹೈದರಾಬಾದಿನ ಕೋಶೀಯ ಮತ್ತು ಅಣುಜೀವವಿಜ್ಞಾನ ಕೇಂದ್ರ. ಅಲ್ಲಿ ಲಾಲ್‌ಜಿ ಸಿಂಗ್, ಕೆ. ತಂಗರಾಜ್ ಮೊದಲಾದವರು ಕರ್ನಾಟಕ ಮತ್ತು ಗುಜರಾತಿನ ಸಿದ್ದಿಯರನ್ನು ಅಧ್ಯಯನಕ್ಕೆ ತೆಗೆದುಕೊಂಡರು. ಇನ್ನೊಂದು ದೆಹಲಿಯ ಜೀನೋಮಿಕ್ಸ್ ಮತ್ತು ಸಮಗ್ರ ಜೀವವಿಜ್ಞಾನ ಸಂಸ್ಥೆ. ಇದರ ಹಳೆಯ ಆವರಣವು ಮುಖರ್ಜಿ ನಗರಕ್ಕೆ ಅನತಿದೂರದ ಮಾಲ್ ರಸ್ತೆಯಲ್ಲಿ, ವಿಶ್ವವಿದ್ಯಾಲಯದ ಪರಿಸರದಲ್ಲಿದೆ. ಸರ್ಕಾರಿ ಪರೀಕ್ಷೆಗಳಿಗಾಗಿ ಭಾರತದ ಬುಡಕಟ್ಟುಗಳ ಪಟ್ಟಿಯನ್ನು ಉರುಹೊಡೆಯುವ ತರುಣರು ಕಿಕ್ಕಿರಿದಿರುವ ಬಡಾವಣೆಯ ಮಗ್ಗುಲಲ್ಲೇ ಆ ಪಟ್ಟಿಯ ಒಂದು ಹೆಸರಿನ ಹಿಂದಿನ ಕಥೆ ಬಿಡಿಸಿಕೊಂಡಿತು. ಅಲ್ಲಿ ಮಿತಾಲಿ ಮುಖರ್ಜಿ ಮತ್ತು ಸಹೋದ್ಯೋಗಿಗಳು ಪಶ್ಚಿಮ ಭಾರತದ ಆಫ್ರಿಕ ಮೂಲದ ಸಮುದಾಯವೊಂದನ್ನು 18,534 ಗುರುತುಗಳ ಆಧಾರದಿಂದ ಪರಿಶೀಲಿಸಿದರು. ಗಮನಾರ್ಹ ಸಂಗತಿಯೆಂದರೆ, ತಮ್ಮ ಪ್ರಬಂಧದಲ್ಲಿ ಅವರು ಆ ಸಮುದಾಯವನ್ನು ಹೆಸರಿನಿಂದಲ್ಲ, ಒಂದು ಸಂಕೇತಾಕ್ಷರದಿಂದ ಕರೆದಿದ್ದಾರೆ. ಭಾರತದ ಜನಸಮುದಾಯಗಳ ವಂಶವಾಹಿ ವೈವಿಧ್ಯವನ್ನು ದಾಖಲಿಸಿದ ರಾಷ್ಟ್ರೀಯ ಯೋಜನೆ ಜಾತಿ-ಬುಡಕಟ್ಟುಗಳ ಹೆಸರುಗಳ ಬದಲು ಭಾಷಾವರ್ಗ, ದಿಕ್ಕು ಮತ್ತು ಸಾಮಾಜಿಕ ಸ್ಥಿತಿಗಳನ್ನು ಸೂಚಿಸುವ ಅಕ್ಷರಗಳನ್ನು ಬಳಸುವ ಕ್ರಮವನ್ನಿಟ್ಟುಕೊಂಡಿತ್ತು. ರಕ್ತದ ಮಾತು ಜಾತಿಯ ಜಗಳಕ್ಕೆ ಇಂಧನವಾಗಬಹುದೆಂಬ ಎಚ್ಚರ ಅದರಲ್ಲಿ ಕಾಣುತ್ತದೆ.

ಈ ಅಧ್ಯಯನಗಳ ವಿಧಾನವನ್ನು ಸ್ಥೂಲವಾಗಿ ತಿಳಿದುಕೊಳ್ಳುವುದು ಸಾಹಿತ್ಯದ ವಿದ್ಯಾರ್ಥಿಗೂ ಕಷ್ಟವಲ್ಲ. ವಂಶವಾಹಿಯ ಮೂರು ಭಾಗಗಳು ಮೂರು ಬಗೆಯ ಕಥೆ ಹೇಳುತ್ತವೆ. ವೈ ವರ್ಣತಂತು ತಂದೆಯಿಂದ ಮಗನಿಗೆ ಮಾತ್ರ ಇಳಿಯುವುದರಿಂದ ಅದು ಪಿತೃವಂಶದ ಸಾಕ್ಷಿ. ಮೈಟೋಕಾಂಡ್ರಿಯದ ಡಿ.ಎನ್.ಎ. ತಾಯಿಯಿಂದ ಎಲ್ಲ ಮಕ್ಕಳಿಗೂ ಬರುತ್ತದೆ. ಮುಂದಕ್ಕೆ ಸಾಗುವುದು ಹೆಣ್ಣುಮಕ್ಕಳ ಮೂಲಕ ಮಾತ್ರ. ಉಳಿದ ವರ್ಣತಂತುಗಳು ಎರಡೂ ಕಡೆಯಿಂದ ಬಂದು ಪ್ರತಿ ತಲೆಮಾರಿನಲ್ಲಿಯೂ ತಮ್ಮ ತುಣುಕುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಸಿದ್ದಿ ಹೆಂಗಸರು ಹಳೆಯ ಸೀರೆ-ಬಟ್ಟೆಗಳ ತುಂಡುಗಳನ್ನು ಸೇರಿಸಿ ಹೊಲಿಯುವ ಕೌದಿಯನ್ನು ನೆನೆದರೆ ಇದು ಸ್ಪಷ್ಟವಾದೀತು. ಎರಡು ಬಣ್ಣದ ಇಡೀ ಸೀರೆಗಳಿಂದ ಮೊದಲ ಕೌದಿಯಾಯಿತೆನ್ನಿ. ಮಗಳು ಅದನ್ನು ಕತ್ತರಿಸಿ ಮತ್ತೆ ಹೊಲಿದಳು, ಮೊಮ್ಮಗಳು ಇನ್ನೊಮ್ಮೆ. ಪ್ರತಿ ಸಲವೂ ಒಂದೊಂದು ಬಣ್ಣದ ತುಂಡು ಚಿಕ್ಕದಾಗುತ್ತ ಹೋಗುತ್ತದೆ. ಕೊನೆಯ ಕೌದಿಯ ತುಂಡುಗಳ ಉದ್ದವನ್ನು ಅಳೆದರೆ ಎಷ್ಟು ಸಲ ಕತ್ತರಿ ಆಡಿತೆಂದು ಲೆಕ್ಕ ಹಾಕಬಹುದು. ಜೀವಿಗಳಲ್ಲಿ ಆ ‘ಸಲ’ ಎಂದರೆ ತಲೆಮಾರು. ದೂರದ ನಾಡುಗಳ ಎರಡು ಗುಂಪುಗಳು ಬೆರೆತಲ್ಲಿ ತುಂಡುಗಳ ಬಣ್ಣ ಸುಲಭವಾಗಿ ಬೇರ್ಪಡುತ್ತದೆ. ಸಿದ್ದಿಯರ ಅಧ್ಯಯನ ಖಚಿತವಾದುದಕ್ಕೆ ಇದೂ ಒಂದು ಕಾರಣ.

ಫಲಿತಾಂಶಗಳು ಮುಖ್ಯ ಅಂಶದಲ್ಲಿ ಒಂದನ್ನೊಂದು ಸಮರ್ಥಿಸಿದವು. ದೆಹಲಿಯ ಅಧ್ಯಯನದ ಸಮುದಾಯದಲ್ಲಿ ಆಫ್ರಿಕದ ಪಾಲು ಶೇಕಡಾ 58.7ರಷ್ಟಿದ್ದು, ಒಬ್ಬರಿಂದೊಬ್ಬರಿಗೆ ಹೆಚ್ಚು ವ್ಯತ್ಯಾಸವಿರಲಿಲ್ಲ. ಹೈದರಾಬಾದಿನ ಅಧ್ಯಯನದಲ್ಲಿ ಆಫ್ರಿಕ ಮತ್ತು ಭಾರತದ ಪಾಲುಗಳ ಜೊತೆಗೆ ಯುರೋಪಿನ, ಪ್ರಾಯಶಃ ಪೋರ್ಚುಗೀಸರ, ಒಂದು ಎಳೆಯೂ ಇರಬಹುದೆಂಬ ಸೂಚನೆ ದೊರೆಯಿತು. ಎರಡೂ ಅಧ್ಯಯನಗಳು ಬೊಟ್ಟುಮಾಡಿದ್ದು ಬಾಂಟು ಭಾಷಿಕರ ಆಫ್ರಿಕದತ್ತ, ಇಥಿಯೋಪಿಯದತ್ತ ಅಲ್ಲ. ಹೀಗಾಗಿ ‘ಹಬ್ಶಿ’ ಎಂಬ ಹೆಸರು ಮೂಲದ ಸಾಕ್ಷಿಯಾಗಿ ನಿಲ್ಲಲಾರದು. ಆಫ್ರಿಕದಿಂದ ಬಂದವರನ್ನೆಲ್ಲ ಒಂದೇ ಹೆಸರಿನಿಂದ ಕರೆದ ನಾಡಿನವರ ರೂಢಿ ಅದು. ಗೋವೆಯ ಗುಲಾಮರ ಸಂತತಿಯೆಂಬ ವಾದಕ್ಕೆ ಇದರಿಂದ ಬಲ ಬಂದಿತೆನ್ನಬಹುದಾದರೂ ಪ್ರಶ್ನೆ ಪೂರ್ತಿ ಮುಗಿಯಿತೆನ್ನುವಂತಿಲ್ಲ. ಆಫ್ರಿಕದ ಪೂರ್ವ ತೀರದಿಂದ ಬಾಂಟು ಜನರನ್ನು ಅರಬ್ ವರ್ತಕರೂ ತಂದಿದ್ದರು. ಹಡಗಿನ ಒಡೆಯ ಯಾರೆಂಬುದು ರಕ್ತದಲ್ಲಿ ಬರೆದಿರುವುದಿಲ್ಲ. ಅದಕ್ಕೆ ಬಂದರುಗಳ ಕಾಗದಪತ್ರಗಳನ್ನೇ ನೋಡಬೇಕು.

ತಂದೆ-ತಾಯಿಯರ ಎಳೆಗಳನ್ನು ಬಿಡಿಸಿ ನೋಡಿದಾಗ ಹೊರಬಿದ್ದ ಸಂಗತಿ ಹೆಚ್ಚು ಮಾರ್ಮಿಕವಾದುದು. ಪಿತೃವಂಶಗಳಲ್ಲಿ ಆಫ್ರಿಕದವು ಪ್ರಧಾನವಾಗಿದ್ದರೆ, ಮಾತೃವಂಶಗಳಲ್ಲಿ ನೆರೆಯ ಭಾರತೀಯ ಸಮುದಾಯಗಳ ಪಾಲು ಗಣನೀಯವಾಗಿತ್ತು. ಬಂದವರಲ್ಲಿ ಗಂಡಸರು ಹೆಚ್ಚಾಗಿದ್ದು, ಇಲ್ಲಿಯ ಹೆಂಗಸರು ಸಿದ್ದಿಯರ ಕೇರಿಗೆ ಸೇರಿರಬೇಕೆಂದು ಇದರಿಂದ ಊಹಿಸಬಹುದು. ಅಷ್ಟೇ ಅಲ್ಲ, ರಕ್ತದ ಹರಿವು ಏಕಮುಖವಾಗಿದ್ದಿತು. ಸುತ್ತಲಿನವರ ವಂಶವಾಹಿ ಸಿದ್ದಿಯರೊಳಗೆ ಬಂದಿದೆ; ಸಿದ್ದಿಯರದು ಸುತ್ತಲಿನವರೊಳಗೆ ಹೋದ ಕುರುಹು ಕಾಣಲಿಲ್ಲ. ಸಿದ್ದಿಯರೊಡನೆ ಕೂಡಿದ ಹೆಣ್ಣು, ಅವಳ ಮಕ್ಕಳು ಸಿದ್ದಿಯರಾಗಿಯೇ ಉಳಿದರು. ಮರಳಿ ತವರಿನ ಜಾತಿಗೆ ಅವರಿಗೆ ಪ್ರವೇಶವಿರಲಿಲ್ಲ. ಯಾವ ಶಾಸನದಲ್ಲಿಯೂ ಕಾಣಸಿಗದ ಜಾತಿಯ ಬಾಗಿಲೊಂದು ಹೀಗೆ ಒಂದೇ ಕಡೆಗೆ ತೆರೆಯುತ್ತಿದ್ದುದು ಜೀವಕೋಶದಲ್ಲಿ ದಾಖಲಾಗಿದೆ.

ಕಾಲದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಬೆರಕೆಯು ಕಳೆದ ಎಂಟು ತಲೆಮಾರುಗಳಲ್ಲಿ, ಅಂದರೆ ಸುಮಾರು 200 ವರ್ಷಗಳ ಈಚೆಗೆ, ನಡೆದಿರಬೇಕೆಂದು ಹೈದರಾಬಾದಿನವರ ಅಂದಾಜು. ಸಿದ್ದಿಯರು ಭಾರತಕ್ಕೆ ಬಂದುದೇ ಆಗ ಎಂದು ಇದನ್ನು ಓದುವುದು ತಪ್ಪಾದೀತು. ಬಂದ ಕಾಲ ಬೇರೆ, ಬೆರೆತ ಕಾಲ ಬೇರೆ. ಮೇಲಾಗಿ ಬೆರಕೆ ಒಂದೇ ಸಲಕ್ಕೆ ನಡೆದು ನಿಲ್ಲದೆ ತಲೆತಲಾಂತರದಿಂದ ಮುಂದುವರಿದಿದ್ದರೆ, ಹೊಸದಾಗಿ ಬಂದ ಉದ್ದ ತುಂಡುಗಳು ಲೆಕ್ಕವನ್ನು ಈಚೆಗೆ ಎಳೆಯುತ್ತವೆ. ಬ್ರಿಟಿಷ್ ಭಾರತದಲ್ಲಿ ಗುಲಾಮಗಿರಿಯ ಕಾನೂನುಬದ್ಧ ಮಾನ್ಯತೆ ಹೋದದ್ದು 1843ರಲ್ಲಿ. ಗೋವೆಯಲ್ಲಿ ಅದು ಇನ್ನೂ ತಡವಾಯಿತು. ಘಟ್ಟದ ಮೇಲೆ ಸ್ವತಂತ್ರ ಸಂಸಾರಗಳು ನೆಲೆಗೊಂಡ ಕಾಲವನ್ನು ಈ ಅಂದಾಜು ಹಿಡಿದಿರಬಹುದೆಂಬುದು ಯುಕ್ತವಾದ ಊಹೆ.

ಭಾಷಾ ವಿದ್ಯಾರ್ಥಿ ತಡೆದು ನೋಡಬೇಕಾದ ಇನ್ನೊಂದು ಸ್ಥಳವಿದೆ. ‘ಬಾಂಟು’ ಎಂಬುದು ಭಾಷಾವರ್ಗದ ಹೆಸರು. ವಂಶವಾಹಿಗೆ ವ್ಯಾಕರಣ ತಿಳಿಯದು. ಈಗ ಆ ಭಾಷೆಗಳನ್ನಾಡುವವರಲ್ಲಿ ಹೆಚ್ಚಾಗಿ ಕಾಣುವ ಎಳೆಗೆ ವಿಜ್ಞಾನಿಗಳು ಅನುಕೂಲಕ್ಕಾಗಿ ಆ ಹೆಸರನ್ನು ಅಂಟಿಸುತ್ತಾರೆ. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡುಗಳ ಕೊರಗರ ಕುರಿತು ಮಂಗಳೂರಿನ ಸಂಶೋಧಕರು ಈಚೆಗೆ ಪ್ರಕಟಿಸಿದ ಅಧ್ಯಯನದಲ್ಲಿಯೂ ಸುಮಾರು 4,400 ವರ್ಷ ಹಳೆಯದೆನ್ನಲಾದ ವಂಶವಾಹಿಯ ಅಂಶವೊಂದನ್ನು ಮೂಲದ್ರಾವಿಡದೊಡನೆ ಜೋಡಿಸಲಾಗಿದೆ. ಆ ಜೋಡಣೆ ಫಲಪ್ರದವಾಗಬಹುದು. ಆದರೆ ಧ್ವನಿನಿಯಮಗಳಿಂದ ಸಾಧಿಸಿದ ಮೂಲದ್ರಾವಿಡಕ್ಕೂ ರಕ್ತದಲ್ಲಿ ಕಂಡ ಅಂಶಕ್ಕೂ ಒಂದೇ ಹೆಸರಿಟ್ಟಾಗ, ಒಂದರ ಪ್ರಮಾಣ ಇನ್ನೊಂದಕ್ಕೆ ತಾನಾಗಿ ವರ್ಗವಾಗುವುದಿಲ್ಲ. ಕಾಲ್ಡ್‌ವೆಲ್‌ನ ನಂತರ ‘ದ್ರಾವಿಡ’ ಶಬ್ದಕ್ಕೆ ಒದಗಿದ ಗತಿಯನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಸಿದ್ದಿಯರಲ್ಲಿ ಭಾಷೆ ಪೂರ್ತಿ ಬದಲಾದರೂ ಸಂಸ್ಕೃತಿಯ ಕೆಲವು ತುಣುಕುಗಳು ಉಳಿದುಕೊಂಡವು. ಗುಜರಾತಿನ ಸಿದ್ದಿಯರು ತಮ್ಮ ಕುಣಿತವನ್ನು ‘ಗೋಮಾ’ ಎನ್ನುತ್ತಾರೆ. ಪೂರ್ವ ಆಫ್ರಿಕದ ಬಾಂಟು ಭಾಷೆಗಳಲ್ಲಿ ‘ಎನ್ಗೋಮಾ’ ಎಂದರೆ ಡೋಲು, ಡೋಲಿನ ಕುಣಿತ. ಉತ್ತರಕನ್ನಡದಲ್ಲಿ ಡಮಾಮಿ ವಾದ್ಯ ಮತ್ತು ಕುಣಿತ ಪ್ರಸಿದ್ಧವಾಗಿವೆ. ಆ ಹೆಸರು ಅರಬ್ಬಿ-ಫಾರಸಿ ಜಗತ್ತಿನದು. ಹೆಸರು ಒಂದು ದಾರಿಯಿಂದಲೂ ಲಯ ಇನ್ನೊಂದು ದಾರಿಯಿಂದಲೂ ಬಂದಿರುವುದು ಅಸಂಭವವೇನಲ್ಲ. ಸಿದ್ದಿಯರ ಕೊಂಕಣಿಯ ಧ್ವನಿವಿಶೇಷಗಳು, ಅಡುಗೆ, ಬೇಟೆ, ನಂಟಸ್ತಿಕೆಗಳ ಶಬ್ದಗಳು, ಹಿರಿಯರನ್ನು ಕರೆಯುವ ಮಾತುಗಳು ಇವೆಲ್ಲ ಪ್ರಯೋಗಾಲಯಕ್ಕೆ ನಿಲುಕದ ಸಾಮಗ್ರಿ. ಕನ್ನಡ ಅಧ್ಯಯನ ವಿಭಾಗಗಳ ಕ್ಷೇತ್ರಕಾರ್ಯಕ್ಕೆ ಅದು ನಿಲುಕುತ್ತದೆ, ಅದೂ ಹಳೆಯ ತಲೆಮಾರಿನವರು ಇರುವಷ್ಟು ಕಾಲ ಮಾತ್ರ.

ಮೂಲದ ಪ್ರಶ್ನೆ ಪಂಡಿತರ ಕುತೂಹಲವಾಗಿಯಷ್ಟೇ ಉಳಿದಿಲ್ಲ. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ಅಥ್ಲೆಟಿಕ್ಸ್ ತರಬೇತಿ ಕೊಡುವ ಯೋಜನೆಯನ್ನು ಕೈಗೊಂಡಿತು. ಆಫ್ರಿಕದ ಮೈಕಟ್ಟಿನವರು ಓಟದಲ್ಲಿ ಗೆದ್ದೇ ಗೆಲ್ಲುವರೆಂಬ ಊಹೆ ಅದರ ಹಿಂದಿತ್ತು. ಕಮಲಾ ಸಿದ್ದಿಯಂಥ ಉತ್ತಮ ಕ್ರೀಡಾಪಟುಗಳು ಅದರಿಂದ ಬೆಳಕಿಗೆ ಬಂದರು. 1990ರ ದಶಕದ ಆರಂಭದಲ್ಲಿ ಯೋಜನೆ ನಿಂತಾಗ ಹಲವರು ಅರ್ಧದಲ್ಲಿಯೇ ಹಳ್ಳಿಗೆ ಮರಳಬೇಕಾಯಿತು. ಮೂಲವನ್ನು ಮೈಬಣ್ಣದಲ್ಲಿ ಓದಿದವರು ಭೂಮಿ, ಶಾಲೆ, ಕೂಲಿಗಳ ಲೆಕ್ಕವನ್ನು ಓದಲಿಲ್ಲ.

ಪರಿಶಿಷ್ಟ ಪಂಗಡದ ಮಾನ್ಯತೆಯ ಕಥೆ ಇನ್ನೊಂದು ಬಗೆಯದು. 1965ರ ಲೋಕೂರ್ ಸಮಿತಿ ಇದಕ್ಕೆ ಗೊತ್ತುಪಡಿಸಿದ ಮಾನದಂಡಗಳು ಸಂಸ್ಕೃತಿಯ ವೈಶಿಷ್ಟ್ಯ, ಭೌಗೋಳಿಕ ಪ್ರತ್ಯೇಕತೆ, ಹೊರಗಿನವರೊಡನೆ ಬೆರೆಯುವ ಸಂಕೋಚ, ಹಿಂದುಳಿದಿರುವಿಕೆ ಇತ್ಯಾದಿ. ರಕ್ತದ ಮೂಲ ಅವುಗಳಲ್ಲಿಲ್ಲ. ಉತ್ತರಕನ್ನಡ ಜಿಲ್ಲೆಯ ಸಿದ್ದಿಯರು 2003ರಲ್ಲಿ ಪಟ್ಟಿಗೆ ಸೇರಿದರು, ವಂಶವಾಹಿಯ ಪ್ರಬಂಧಗಳು ಅಚ್ಚಾಗುವ ಎಂಟು ವರ್ಷ ಮೊದಲು. ಆದರೆ ಆ ಮಾನ್ಯತೆ ಜಿಲ್ಲೆಯ ಗಡಿಗೆ ನಿಂತುಬಿಟ್ಟಿತು. ಹಳಿಯಾಳದ ಸಿದ್ದಿ ಪರಿಶಿಷ್ಟ ಪಂಗಡದವನಾದರೆ, ಗಡಿಯಾಚೆ ಧಾರವಾಡ ಜಿಲ್ಲೆಯಲ್ಲೋ ಬೆಳಗಾವಿ ಜಿಲ್ಲೆಯಲ್ಲೋ ನೆಲೆಸಿದ ಅವನ ದಾಯಾದಿ ಆಗಲಿಲ್ಲ. ಒಂದೇ ಅಜ್ಜನ ಮೊಮ್ಮಕ್ಕಳ ನಡುವಿನ ಆ ಗೆರೆಯನ್ನು ಅಳಿಸಿದ ತಿದ್ದುಪಡಿ ಸಂಸತ್ತಿನಲ್ಲಿ ಅಂಗೀಕಾರವಾದದ್ದು 2020ರಲ್ಲಿ.