ಫೋಟೊ ತೆಗೆಯಲು ಹೊರಟವನು ಏಳು ವಿಮಾನ ಉರುಳಿಸಿದ

ಯುದ್ಧವಿಮಾನದ ಪೈಲಟ್ ಅಂದ ತಕ್ಷಣ ನಮಗೆ ನೆನಪಾಗೋದು ಆಕಾಶದಲ್ಲಿ ಗುಂಡಿನ ಕಾಳಗ. ಆದರೆ ಎರಡನೇ ಮಹಾಯುದ್ಧದಲ್ಲಿ ಇನ್ನೊಂದು ಬಗೆಯ ಪೈಲಟ್‌ಗಳೂ ಇದ್ದರು. ಶತ್ರುವಿನ ನೆಲದ ಮೇಲೆ ತಗ್ಗಿನಲ್ಲಿ ಹಾರಿ, ಟ್ಯಾಂಕುಗಳು ಯಾವ ರಸ್ತೆ ಹಿಡಿದಿವೆ, ಯಾವ ಸೇತುವೆ ಇನ್ನೂ ಗಟ್ಟಿಯಾಗಿದೆ ಅಂತ ನೋಡಿ, ಫೋಟೊ ಹೊಡೆದುಕೊಂಡು ಬರುವುದು ಇವರ ಕೆಲಸ. ಜೋಡಿಯಾಗಿ ಹೋಗುತ್ತಿದ್ದರು. ಒಬ್ಬ ನೆಲ ನೋಡುತ್ತಿದ್ದರೆ ಇನ್ನೊಬ್ಬ ಬೆನ್ನು ಕಾಯಬೇಕು. ಸುಮ್ಮನೆ ಕಾಳಗಕ್ಕೆ ಬಿದ್ದು ಸತ್ತರೆ ಕಂಡ ಸುದ್ದಿಯೂ ಅವರ ಜೊತೆಗೇ ಸುಟ್ಟುಹೋಗುತ್ತಿತ್ತು. ಹಾಗಾಗಿ ವಾಪಸ್ ಬರೋದೇ ಇವರಿಗೆ ಗೆಲುವು.

ವಿಲಿಯಂ ಶೋಮೋ ಅಂಥವನೊಬ್ಬ. ಅಮೆರಿಕದ ಪೆನ್ಸಿಲ್ವೇನಿಯಾದವನು. ಸೇನೆಗೆ ಸೇರುವ ಮೊದಲು ಕಲಿತದ್ದು ಶವಗಳನ್ನು ಕೆಡದಂತೆ ಸಿದ್ಧಮಾಡುವ ವಿದ್ಯೆ! ಅದಕ್ಕೇ ತನ್ನ ವಿಮಾನಕ್ಕೆ 'ಹಾರುವ ಶವಸಂಸ್ಕಾರದವ' ಎಂಬರ್ಥದ ಹೆಸರು ಬರೆಸಿಕೊಂಡಿದ್ದ. ಫಿಲಿಪೀನ್ಸ್‌ಗೆ ಬರುವವರೆಗೆ ಶತ್ರುವಿಮಾನ ಉರುಳಿಸುವ ಅವಕಾಶವೇ ಅವನಿಗೆ ಸಿಕ್ಕಿರಲಿಲ್ಲ. 1945ರ ಜನವರಿ 10ರಂದು ಮೊದಲನೆಯದನ್ನು ಉರುಳಿಸಿದ.

ಮಾರನೇ ದಿನ, ಜೊತೆಗಾರ ಪಾಲ್ ಲಿಪ್ಸ್‌ಕಂಬ್ ಜೊತೆ ಲೂಜಾನ್ ದ್ವೀಪದ ಉತ್ತರಕ್ಕೆ ಹೊರಟ. ಅಪಾರ್ರಿ ಮತ್ತು ಲವಾಗ್ ವಿಮಾನನೆಲೆಗಳ ಫೋಟೊ ತೆಗೆಯಬೇಕು, ಅಲ್ಲಿ ಗುಂಡನ್ನೂ ಹಾರಿಸಿ ಬರಬೇಕು. ಇವರದು ಕ್ಯಾಮೆರಾ ಕೂರಿಸಿದ ಮಸ್ಟಾಂಗ್. ಬಂದೂಕು ತೆಗೆದಿರಲಿಲ್ಲ, ಆರೂ ಇದ್ದವು. ದಾರಿಯಲ್ಲಿ ಸುಮಾರು 2,500 ಅಡಿ ಮೇಲೆ, ಎದುರು ದಿಕ್ಕಿನಲ್ಲಿ, ಒಂದು ಜಪಾನೀ ಬಾಂಬರ್. ಅದರ ಕಾವಲಿಗೆ 12 ಫೈಟರ್‌ಗಳು! ಹದಿಮೂರಕ್ಕೆ ಎರಡು. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ನಾನಂತೂ ಮೋಡದೊಳಗೆ ನುಗ್ಗಿ ತಪ್ಪಿಸಿಕೊಳ್ಳುತ್ತಿದ್ದೆ.

ಶೋಮೋ ಮೇಲಕ್ಕೆ ತಿರುಗಿಸಿದ. ಬಂದವರು ಶತ್ರುಗಳೆಂದು ಜಪಾನೀಯರಿಗೆ ತಕ್ಷಣ ಹೊಳೆಯಲಿಲ್ಲವೇನೋ. ಮೊದಲ ಏಟಿಗೇ ಒಂದು ಫೈಟರ್ ಗಾಳಿಯಲ್ಲೇ ಸಿಡಿಯಿತು, ಬೆನ್ನಿಗೇ ಇನ್ನೊಂದು, ಮತ್ತೊಂದು. ಬಾಂಬರ್‌ನ ಕೆಳಗೆ ಹೋಗಿ ಅದರ ಹೊಟ್ಟೆಗೇ ಗುಂಡಿಟ್ಟ. ನೇರ ಎದುರಿನಿಂದ ಗುಂಡು ಹಾರಿಸುತ್ತ ಬಂದ ಫೈಟರನ್ನೂ ಬಿಡಲಿಲ್ಲ. ಏಳನೆಯದನ್ನು ಬೆನ್ನಟ್ಟಿ 300 ಅಡಿವರೆಗೆ ಇಳಿದ. ಅಷ್ಟರಲ್ಲಿ ಲಿಪ್ಸ್‌ಕಂಬ್ ಮೂರು ಉರುಳಿಸಿದ್ದ. ಉಳಿದ ಮೂರು ಮೋಡದಲ್ಲಿ ಮರೆಯಾದವು. ಅದೇ ಏಪ್ರಿಲ್‌ನಲ್ಲಿ ಶೋಮೋಗೆ ಮೆಡಲ್ ಆಫ್ ಆನರ್ ಬಂತು.

ಇಂಥ ಕೆಲಸದಲ್ಲಿದ್ದವರ ಪೈಕಿ ಯುರೋಪಿನ ಆಕಾಶದಲ್ಲಿ ಕ್ಲೈಡ್ ಈಸ್ಟ್ ಒಟ್ಟು 13 ವಿಮಾನ ಉರುಳಿಸಿದ. ಮೊದಲನೆಯದು ನಾರ್ಮಂಡಿಗೆ ಸೇನೆ ಇಳಿದ ದಿನವೇ. ಆದರೆ ಒಂದೇ ಹಾರಾಟದಲ್ಲಿ ಏಳು? ಶೌರ್ಯ ನಿಜ. ಜೊತೆಗಾರನ ಜೀವವನ್ನೂ ಪಣಕ್ಕಿಟ್ಟಿದ್ದು ಕೂಡ ನಿಜ. ಹತ್ತು ವಿಮಾನ ಬಿತ್ತು ಅಂದರೆ ಒಳಗಿದ್ದ ಹುಡುಗರ ಮನೆಗಳೂ ನೆನಪಾಗುತ್ತವೆ.

ನಮ್ಮವರೂ ಇದ್ದರು. ಮೆಹರ್ ಸಿಂಗ್ ನಾಯಕತ್ವದ 6ನೇ ಸ್ಕ್ವಾಡ್ರನ್ ಬರ್ಮಾ ಗಡಿಯಲ್ಲಿ ಹರಿಕೇನ್ ವಿಮಾನಗಳಲ್ಲಿ ಇದೇ ಕೆಲಸ ಮಾಡುತ್ತಿತ್ತು. 1944ರ ಫೆಬ್ರವರಿಯಲ್ಲಿ ಆ ಸ್ಕ್ವಾಡ್ರನ್ನಿನ ಜೆ.ಸಿ. ವರ್ಮಾ, ಹರಿಕೇನ್‌ಗಿಂತ ಚುರುಕಾಗಿ ತಿರುಗಬಲ್ಲ ಜಪಾನೀ ಆಸ್ಕರ್ ಫೈಟರ್ ಒಂದನ್ನು ಹೊಡೆದುರುಳಿಸಿ ಡಿಎಫ್‌ಸಿ ಪದಕ ಪಡೆದರು. ನಿಮ್ಮ ಮನೆಯ ಹಿರಿಯರು ಯಾರಾದರೂ ಬರ್ಮಾ ಯುದ್ಧದಲ್ಲಿದ್ದರೆ, ಅವರು ಹೇಳಿದ್ದನ್ನು ನಮಗೂ ಬರೆದು ಕಳಿಸಿ.