ನೆರಳಿಲ್ಲದ ಗುಡ್ಡಕ್ಕೆ ನೆರಳಿನವರ ಸಿದ್ಧತೆ



ಮಳೆಗಾಲ ಮುಗಿದು ಕಾಫಿ ಕೊಯ್ಲು ಆರಂಭವಾಗುವುದಕ್ಕೆ ಮೊದಲು ಸಿಗುವ ಬಿಡುವಿನಲ್ಲಿ ಫ್ಲೋರೆಸ್ ದ್ವೀಪದ ಕಾಫಿ ತೋಟಗಳನ್ನು ನೋಡಿ ಬರಬೇಕೆಂಬ ಅಪೇಕ್ಷೆಯನ್ನು ನಮ್ಮ ಸದಸ್ಯರಲ್ಲಿ ಕೆಲವರು ವ್ಯಕ್ತಪಡಿಸಿದ್ದಾರೆ. ಇಂಡೊನೇಷ್ಯಾದ ಪೂರ್ವ ಭಾಗದಲ್ಲಿರುವ ಈ ದ್ವೀಪದ ಬಜಾವಾ ಮತ್ತು ಮಂಗರಾಯ್ ಸೀಮೆಗಳಲ್ಲಿ ನಮ್ಮಂತೆಯೇ ಸಣ್ಣ ಹಿಡುವಳಿದಾರರು ಕಾಫಿ ಬೆಳೆಯುತ್ತಾರೆ. ಅವರ ತೋಟ ನೋಡುವುದಕ್ಕೆ ನಮಗೆ ಹೆಚ್ಚಿನ ಸಿದ್ಧತೆ ಬೇಕಿಲ್ಲ. ಆದರೆ ಅಷ್ಟು ದೂರ ಹೋದವರು ದ್ವೀಪದ ಪಶ್ಚಿಮ ತುದಿಯ ಲಬುವಾನ್ ಬಾಜೊ ಬಂದರಿನಿಂದ ದೋಣಿ ಹತ್ತಿ ಪಡಾರ್ ಎಂಬ ದ್ವೀಪದ ಗುಡ್ಡವನ್ನೂ ಹತ್ತಿ ಬರುವುದು ವಾಡಿಕೆ. ಸಿದ್ಧತೆ ಬೇಕಾದುದು ಅದಕ್ಕೆ.

ಗುಡ್ಡ ಎಂಥದು?

ಪಡಾರ್ ದ್ವೀಪವು ಕೊಮೊಡೊ ಮತ್ತು ರಿಂಚಾ ದ್ವೀಪಗಳ ನಡುವೆ ಇದೆ. ಈ ಮೂರೂ 1980ರಲ್ಲಿ ಸ್ಥಾಪನೆಯಾದ ಕೊಮೊಡೊ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದವು. 1991ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಗುಡ್ಡದ ಮೇಲೆ ನಿಂತರೆ ಬಿಳಿ, ಕಪ್ಪು ಮತ್ತು ನಸುಗೆಂಪು ಮರಳಿನ ಕೊಲ್ಲಿಗಳು ಒಂದೇ ನೋಟಕ್ಕೆ ಕಾಣುತ್ತವೆ. ಹತ್ತುವುದಕ್ಕೆ ಸುಮಾರು 800 ಮೆಟ್ಟಿಲು. ಸಾಧಾರಣ ನಡಿಗೆಯವರಿಗೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಸಾಕು.

ಇಷ್ಟು ಓದಿದೊಡನೆ ‘ಇದೇನು ಮಹಾ, ದಿನಾ ಏರುವುದು ಇಳಿಯುವುದು ನಮಗೆ ಇದ್ದದ್ದೇ’ ಎಂದು ತಮಗೆ ಅನಿಸಬಹುದು. ಏರಿನ ಮಟ್ಟಿಗೆ ಅದು ನಿಜ. ಆದರೆ ಪಡಾರ್ ಪರೀಕ್ಷಿಸುವುದು ಕಾಲನ್ನಲ್ಲ. ಅಲ್ಲಿ ಮೆಟ್ಟಿಲಿನ ದಾರಿಗೆ ನೆರಳು ಕೊಡುವ ಮರವಿಲ್ಲ. ಆಸ್ಟ್ರೇಲಿಯಾ ಕಡೆಯಿಂದ ತಿಂಗಳುಗಟ್ಟಲೆ ಒಣಗಾಳಿ ಬೀಸುವುದರಿಂದ ಇಂಡೊನೇಷ್ಯಾದಲ್ಲೇ ಇದು ಬಹಳ ಒಣ ಪ್ರದೇಶ. ಇರುವುದು ಹುಲ್ಲು, ಕಲ್ಲು, ಮೇಲೆ ಬಿಸಿಲು. ಸಾಲದ್ದಕ್ಕೆ, ಪಡಾರ್ ಸಮಭಾಜಕ ವೃತ್ತದಿಂದ ಎಂಟೂವರೆ ಡಿಗ್ರಿಯಷ್ಟು ದಕ್ಷಿಣಕ್ಕಿರುವುದರಿಂದ ಅಕ್ಟೋಬರ್ ಮಧ್ಯದ ಹೊತ್ತಿಗೆ ನಡುಹಗಲಿನ ಸೂರ್ಯ ಅಲ್ಲಿ ನೇರ ನೆತ್ತಿಯ ಮೇಲಿರುತ್ತಾನೆ. ನಮ್ಮವರು ಹೋಗಬಯಸುವುದೂ ಅದೇ ಸಮಯದಲ್ಲಿ.

ನಮ್ಮ ಮೈಗೆ ಏಕೆ ಕಷ್ಟ?

ನಾವು ನೆರಳಿನಲ್ಲಿ ದುಡಿಯುವ ಜನ. ಮೇಲಾಗಿ ಮೂರ್ನಾಲ್ಕು ತಿಂಗಳು ಕಂಬಳಿ, ಕೊಡೆಗಳ ಕೆಳಗೆ ಕಳೆದು ನೇರವಾಗಿ ಅಲ್ಲಿಗೆ ಹೋಗಿರುತ್ತೇವೆ. ನರ್ಸರಿಯ ಚಪ್ಪರದಡಿ ಬೆಳೆದ ಕಾಫಿ ಸಸಿಯನ್ನು ಒಂದೇ ದಿನ ಬಯಲಿಗೆ ತಂದಿಟ್ಟರೆ ಎಲೆ ಸುಡುತ್ತದೆ. ಅದಕ್ಕಾಗಿಯೇ ಹೊದಿಕೆಯನ್ನು ಸ್ವಲ್ಪ ಸ್ವಲ್ಪವಾಗಿ ತೆಗೆದು ಬಿಸಿಲಿಗೆ ಪಳಗಿಸುತ್ತೇವೆ. ಮನುಷ್ಯನ ಮೈಯೂ ಹೀಗೆಯೇ. ದಿನವೂ ಸ್ವಲ್ಪ ಹೊತ್ತು ಬಿಸಿಲಿನಲ್ಲಿ ಶ್ರಮಪಟ್ಟರೆ ಒಂದೆರಡು ವಾರದಲ್ಲಿ ಮೈ ಹೊಂದಿಕೊಳ್ಳುತ್ತದೆ. ಬೇಗ ಬೆವರಲು ಕಲಿಯುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ, ಎದೆಬಡಿತ ಹತೋಟಿಗೆ ಬರುತ್ತದೆ.

ಆದ್ದರಿಂದ ಹೊರಡುವುದಕ್ಕೆ ಎರಡು ವಾರ ಮೊದಲೇ ಮಳೆ ಬಿಡುವು ಕೊಟ್ಟ ದಿನಗಳಲ್ಲಿ ಕಣದಲ್ಲೋ ಗದ್ದೆಯ ಬದುವಿನ ಮೇಲೋ ಬಿಸಿಲಿರುವಾಗ ಚುರುಕಾಗಿ ನಡೆಯತಕ್ಕದ್ದು. ಮೊದಲು 15 ನಿಮಿಷ, ಬರಬರುತ್ತಾ 45 ನಿಮಿಷ. ಇದಕ್ಕೆ ಖರ್ಚಿಲ್ಲ. ಇಡೀ ಸಿದ್ಧತೆಯಲ್ಲಿ ಅತಿ ಮುಖ್ಯವಾದುದೂ ಇದೇ.

ಒಯ್ಯಬೇಕಾದ ವಸ್ತುಗಳು

1. ಒಬ್ಬೊಬ್ಬರಿಗೂ ಒಂದೂವರೆ ಲೀಟರ್ ನೀರು. ಗುಡ್ಡದಲ್ಲಿ ನೀರು ಸಿಕ್ಕೀತೆಂದು ನಂಬಬಾರದು. ಖಾಲಿ ಬಾಟಲಿಯನ್ನು ದೋಣಿಗೆ ಹಿಂದಕ್ಕೆ ತರಬೇಕು.

2. ಓ.ಆರ್.ಎಸ್. ಪೊಟ್ಟಣಗಳು. ಅವು ಇಲ್ಲದಿದ್ದಲ್ಲಿ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಬಹುದು. ಅಳತೆ ತಪ್ಪಿ ಉಪ್ಪು ಹೆಚ್ಚಾಗಕೂಡದು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ಇದನ್ನು ತಮ್ಮ ವೈದ್ಯರಲ್ಲಿ ಕೇಳಿಯೇ ಬಳಸಬೇಕು.

3. ಸುತ್ತಲೂ ಅಂಚಿರುವ ಟೋಪಿ. ನಮ್ಮ ಹಾಳೆ ಟೋಪಿ ನೆತ್ತಿಯನ್ನು ಕಾಯುತ್ತದೆಯೇ ಹೊರತು ಕುತ್ತಿಗೆಯನ್ನು ಕಾಯದು. ಅಡಿಕೆ ತೋಟದ ನೈಋತ್ಯ ಅಂಚಿನ ಮರಗಳಿಗೆ ಬಿಸಿಲು ಬಡಿಯದಂತೆ ಸೋಗೆ ಕಟ್ಟುವವರಿಗೆ ಕುತ್ತಿಗೆಗೆ ಒದ್ದೆ ಬಟ್ಟೆ ಸುತ್ತಿಕೊಳ್ಳಬೇಕೆಂದು ಬಿಡಿಸಿ ಹೇಳಬೇಕಿಲ್ಲ. ಕೊಡೆಯನ್ನು ನೆಚ್ಚಬಾರದು, ಗುಡ್ಡದ ನೆತ್ತಿಯ ಗಾಳಿಗೆ ಅದು ನಿಲ್ಲುವುದು ಕಷ್ಟ.

4. ಸಡಿಲವಾದ, ತಿಳಿಬಣ್ಣದ ತುಂಬುತೋಳಿನ ಅಂಗಿ.

5. ಹಿಡಿತವಿರುವ ಬೂಟು. ಒಣ ಮಣ್ಣು, ಸಣ್ಣ ಕಲ್ಲುಗಳ ಮೇಲೆ ಹವಾಯಿ ಚಪ್ಪಲಿ ಜಾರುತ್ತದೆ. ಅದರಲ್ಲೂ ಇಳಿಯುವಾಗ ಹೆಚ್ಚು.

ದೋಣಿಯಲ್ಲಿ

ನಿಧಾನದ ದೋಣಿ ಲಬುವಾನ್ ಬಾಜೊದಿಂದ ಪಡಾರ್‌ಗೆ ಮೂರು ನಾಲ್ಕು ಗಂಟೆ ತೆಗೆದುಕೊಳ್ಳುತ್ತದೆ. ಸ್ಪೀಡ್ ಬೋಟು ಒಂದು ಒಂದೂವರೆ ಗಂಟೆಯಲ್ಲಿ ತಲುಪಬಹುದು. ಅಲ್ಲಿನ ಜಲಸಂಧಿಗಳಲ್ಲಿ ಸೆಳೆತ ಬಲವಾಗಿದೆ. ಹತ್ತಿದೊಡನೆ ಲೈಫ್ ಜಾಕೆಟ್ ಎಲ್ಲಿದೆಯೆಂದು ನೋಡಿ, ತೊಟ್ಟು, ಬಿಗಿದುಕೊಳ್ಳಬೇಕು. ದೋಣಿಯವರು ಹವೆ ಸರಿಯಿಲ್ಲವೆಂದರೆ ಚೌಕಾಸಿ ಮಾಡಬಾರದು.

ವಾಂತಿಯಾದವರು ಗುಡ್ಡದ ಬುಡ ಮುಟ್ಟುವ ಮೊದಲೇ ನೀರು, ಉಪ್ಪು ಕಳೆದುಕೊಂಡಿರುತ್ತಾರೆ. ಅಂಥವರು ಚೇತರಿಸಿಕೊಳ್ಳದೆ ಹತ್ತಬಾರದು. ವಾಂತಿ ತಡೆಯುವ ಕೆಲವು ಮಾತ್ರೆಗಳಿಂದ ನಿದ್ದೆ ಬರುತ್ತದೆ, ಬಾಯಿ ಒಣಗುತ್ತದೆ, ಬೆವರುವುದೂ ಕಡಿಮೆಯಾಗಬಹುದು. ಯಾವುದು ತಮಗೆ ಹೊಂದುತ್ತದೆಂದು ಊರಲ್ಲೇ ವೈದ್ಯರನ್ನು ಕೇಳಿಕೊಳ್ಳಬೇಕು. ಹಿಂದಿನ ರಾತ್ರಿ ಮದ್ಯ ಬೇಡ. ಬೆಳಗಿನ ಒಂದು ಲೋಟ ಕಾಫಿಗೆ ಅಡ್ಡಿಯಿಲ್ಲ, ಕಾಫಿ ಬೆಳೆಗಾರರಿಗೆ ಅದನ್ನು ಬಿಡಿ ಎನ್ನುವ ಧೈರ್ಯ ನಮಗೂ ಇಲ್ಲ! ಕವಳ ಮಾತ್ರ ಇಳಿದು ಬಂದ ಮೇಲಿರಲಿ. ಅದು ಮೈ ಬಿಸಿಯೇರಿಸಿ, ಬೆವರಿಸಿ, ಎದೆಬಡಿತ ಹೆಚ್ಚಿಸುತ್ತದೆ.

ಹತ್ತುವ ಹೊತ್ತು

ಅಲ್ಲಿ ಅಕ್ಟೋಬರಿನಲ್ಲಿ ಸೂರ್ಯ ಹುಟ್ಟುವುದು ಬೆಳಗ್ಗೆ ಆರಕ್ಕೆ ಮೊದಲೇ. ನೆತ್ತಿಗೆ ಬರುವುದು ಹನ್ನೆರಡಕ್ಕೆ ಸ್ವಲ್ಪ ಮುಂಚೆ. ನಸುಕಿನಲ್ಲೇ ಹತ್ತಿ, ಬಿಸಿಲು ಬಲಿಯುವ ಮೊದಲು ಇಳಿದು ದೋಣಿ ಸೇರುವಂತೆ ಪ್ರವಾಸದ ಏರ್ಪಾಡು ಮಾಡುವವರಲ್ಲಿ ಮೊದಲೇ ಖಚಿತಪಡಿಸಿಕೊಳ್ಳಬೇಕು. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದು. ಅಲ್ಲಿಯ ಬೆಳಗಿನ ಐದು ನಮ್ಮ ಮೈಗೆ ಎರಡೂವರೆ. ಹೀಗಾಗಿ ಹಿಂದಿನ ರಾತ್ರಿ ಬೇಗ ಮಲಗತಕ್ಕದ್ದು.

ಖಾಲಿ ಹೊಟ್ಟೆಯಲ್ಲಿ ಹತ್ತಬಾರದು. ಹೊರಡುವ ಅರ್ಧ ಗಂಟೆ ಮೊದಲು ಎರಡು ಲೋಟ ನೀರು ಕುಡಿದು, ದಾರಿಯಲ್ಲಿ ಗುಟುಕು ಗುಟುಕಾಗಿ ಕುಡಿಯುತ್ತಾ ಹೋಗಬೇಕು. ಒಣಗಾಳಿಗೆ ಬೆವರು ಹುಟ್ಟಿದಲ್ಲೇ ಆರಿಹೋಗುವುದರಿಂದ ‘ನಾನು ಬೆವರಲೇ ಇಲ್ಲ’ ಎಂಬ ಭ್ರಮೆ ಬರುತ್ತದೆ. ಅದನ್ನು ನಂಬಬಾರದು. ಗುಂಪಿನಲ್ಲಿ ಅತಿ ನಿಧಾನದವರ ನಡಿಗೆಯೇ ಎಲ್ಲರ ನಡಿಗೆಯಾಗಲಿ. ಇಬ್ಬಿಬ್ಬರ ಜೊತೆ ಮಾಡಿಕೊಂಡು ಒಬ್ಬರನ್ನೊಬ್ಬರು ಗಮನಿಸುತ್ತಿರಲಿ. ಉದ್ಯಾನದ ಕಾವಲುಗಾರರ ಮಾತು ಮೀರಿ ದಾರಿ ಬಿಟ್ಟು ಹುಲ್ಲಿಗೆ ಇಳಿಯಬಾರದು.

ಅಪಾಯದ ಸೂಚನೆ

ತಲೆಸುತ್ತು, ತಲೆನೋವು, ಹೊಟ್ಟೆ ತೊಳಸುವುದು, ಸ್ನಾಯು ಸೆಳೆತ, ವಿಪರೀತ ಸುಸ್ತು ಇವು ಬಂದೊಡನೆ ಏರುವುದನ್ನು ನಿಲ್ಲಿಸಿ, ಕೂರಿಸಿ, ನೀರು ಕೊಟ್ಟು, ಜೊತೆಗಾರರೊಡನೆ ಕೆಳಗೆ ಕಳಿಸಬೇಕು. ಮಾತು ತೊದಲಿದರೆ, ದಿಕ್ಕು ತಪ್ಪಿದವರಂತೆ ವರ್ತಿಸಿದರೆ, ಪ್ರಜ್ಞೆ ತಪ್ಪಿದರೆ ಅದು ಬಿಸಿಲ ಹೊಡೆತ, ಪ್ರಾಣಾಪಾಯ. ಆಗ ಬಾಯಿಗೆ ನೀರು ಹಾಕಬಾರದು. ಆ ಕ್ಷಣವೇ ಮೈಯನ್ನು ತಂಪು ಮಾಡಬೇಕು. ಬಟ್ಟೆ ಸಡಿಲಿಸಿ, ಇದ್ದಬದ್ದ ನೀರನ್ನೆಲ್ಲ ಮೈಮೇಲೆ ಸುರಿದು, ಗಾಳಿ ಬೀಸಬೇಕು. ಕುಡಿಯಲಾಗದ ಸಮುದ್ರದ ನೀರೂ ಇದಕ್ಕೆ ಆಗುತ್ತದೆ. ದೋಣಿ ಹೊರಟ ಮೇಲೂ ತಂಪು ಮಾಡುವುದನ್ನು ಬಿಡಬಾರದು. ಆಸ್ಪತ್ರೆ ಗಂಟೆಗಳ ದೂರದಲ್ಲಿದೆ, ಮೊದಲ ಚಿಕಿತ್ಸೆ ಜೊತೆಯಲ್ಲಿರುವವರ ಕೈಯಲ್ಲೇ ಇದೆ.

ಯಾರು ಹತ್ತಬಾರದು?

ನಮ್ಮ ಸದಸ್ಯರಲ್ಲಿ ಅರವತ್ತು ದಾಟಿದವರು ಬಹಳ ಮಂದಿ. ಹೃದ್ರೋಗ, ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರು, ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಹೊರಡುವ ಮುನ್ನ ವೈದ್ಯರ ಅಭಿಪ್ರಾಯ ಪಡೆಯಲೇಬೇಕು. ಮಾತ್ರೆಯನ್ನು ತಾವಾಗಿ ನಿಲ್ಲಿಸಲೂಬಾರದು.

ಇನ್ನೊಂದು ಮಾತು. ‘ಇಷ್ಟು ದುಡ್ಡು ಕೊಟ್ಟು ಬಂದು ಅರ್ಧಕ್ಕೆ ಇಳಿಯುವುದೇ?’ ಎಂಬ ಮಾನದ ಪ್ರಶ್ನೆಯೇ ಬಿಸಿಲಿಗಿಂತ ಹೆಚ್ಚು ಅಪಾಯಕಾರಿ. ನೂರಿನ್ನೂರು ಮೆಟ್ಟಿಲು ಹತ್ತಿ ನಿಂತರೂ ಕಡಲು ಕಾಣುತ್ತದೆ, ಕೊಲ್ಲಿ ಕಾಣುತ್ತದೆ. ಅಲ್ಲಿಂದ ಹಿಂದಿರುಗಿದವರನ್ನು ಯಾರೂ ಗೇಲಿ ಮಾಡತಕ್ಕದ್ದಲ್ಲ. ಎಲ್ಲಿಂದ ಇಳಿಯುವುದೆಂದು ತೀರ್ಮಾನಿಸುವ ಹಕ್ಕು ಅವರವರದೇ ಎಂದು ಊರಿನಲ್ಲಿರುವಾಗಲೇ ಎಲ್ಲರೂ ಒಪ್ಪಿಕೊಂಡು ಹೊರಡುವುದು ಕ್ಷೇಮ. ಮನೆಯವರು ಕಾಯುತ್ತಿರುವುದು ಗುಡ್ಡದ ತುದಿಯ ಫೋಟೊಕ್ಕಲ್ಲ.

ಹೊರಡಲಿಚ್ಛಿಸುವ ಸದಸ್ಯರು ತಮ್ಮ ಕಾಯಿಲೆ, ಮಾತ್ರೆಗಳ ವಿವರವನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳುವುದಲ್ಲದೆ, ಅದರ ಒಂದು ಪ್ರತಿಯನ್ನು ಜೊತೆಗಾರರಿಗೂ ಕೊಡಬೇಕಾಗಿ ಕೋರುತ್ತೇವೆ.

— ಕಾರ್ಯದರ್ಶಿ