ಬಂದರಿಲ್ಲದ ಊರಿನ ಪರದೇಶ ವ್ಯಾಪಾರ

2025ರ ನವೆಂಬರ್‌ನಲ್ಲಿ ದಾವಣಗೆರೆ, ಹಾವೇರಿ, ಗದಗ ಸೀಮೆಯ ರೈತರು ಮೆಕ್ಕೆಜೋಳದ ದರ ಕೇಳಿ ಬೀದಿಗಿಳಿದರು. ಕೇಂದ್ರ ಘೋಷಿಸಿದ್ದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. ಮಂಡಿಯಲ್ಲಿ ಕೈಗೆ ಬರುತ್ತಿದ್ದದ್ದು 1,600ರಿಂದ 1,800. ನೂರು ಕ್ವಿಂಟಲ್ ಬೆಳೆದವನಿಗೆ ಕಡಿಮೆಯೆಂದರೂ ಅರವತ್ತು ಸಾವಿರ ಖೋತಾ. ವಿದೇಶದಿಂದ ಮೆಕ್ಕೆಜೋಳ ತರಿಸುವುದನ್ನು ನಿಲ್ಲಿಸಿ ಎಂದು ಮುಖ್ಯಮಂತ್ರಿ ಪ್ರಧಾನಿಗೆ ಪತ್ರ ಬರೆದರು. ಸಮುದ್ರದಿಂದ ಬಲು ದೂರವಿರುವ ಊರಿನ ಜಗಳದಲ್ಲಿ ಮ್ಯಾನ್ಮಾರ್, ಉಕ್ರೇನ್ ಹೆಸರುಗಳು ಬಂದು ಕೂತವು.

ದೂರದ ಪೇಟೆಯ ನಂಟು ದಾವಣಗೆರೆಗೆ ಹೊಸದೇನಲ್ಲ, ಊರು ಬೆಳೆದದ್ದೇ ಅದರಿಂದ. ಹೈದರಾಲಿ ಇದನ್ನು ಒಬ್ಬ ಮರಾಠ ಸರದಾರನಿಗೆ ಜಹಗೀರಿ ಕೊಟ್ಟ. ಆತ ವರ್ತಕರನ್ನು ಕರೆಸಿ ನೆಲೆ ನಿಲ್ಲಿಸಿದ. ಟಿಪ್ಪುವಿನ ಕಾಲದಲ್ಲೂ ಆ ಉತ್ತೇಜನ ಮುಂದುವರಿಯಿತು. ಸಾಗರ, ನಗರ ಕಡೆಯ ಅಡಿಕೆ ಮತ್ತು ಕಾಳುಮೆಣಸು ಇಲ್ಲಿನ ಲಿಂಗಾಯತ ವರ್ತಕರ ಕೈಯಲ್ಲಿ ಆರ್ಕಾಟಿನ ಹತ್ತಿರದ ವಾಲಾಜಾಪೇಟೆಗೆ ಹೋಗುತ್ತಿತ್ತು. ಮದರಾಸಿನ ಕಡೆಯ ಸರಕು ವಾಪಸು ಬರುತ್ತಿತ್ತು. ಇಲ್ಲಿ ನೇಯ್ದ ಕಂಬಳಿಗಳಲ್ಲಿ ಕೆಲವಕ್ಕೆ ಇನ್ನೂರು, ಮುನ್ನೂರು ರೂಪಾಯಿ ಬೆಲೆಯಿತ್ತೆಂದು ಹಳೆಯ ಮೈಸೂರು ಗೆಜೆಟಿಯರ್ ಹೇಳುತ್ತದೆ. ಆ ಕಾಲದ ಮುನ್ನೂರು ರೂಪಾಯಿಗೆ ಏನೇನು ಬರುತ್ತಿತ್ತೆಂದು ಓದುಗರೇ ಲೆಕ್ಕ ಹಾಕಿಕೊಳ್ಳಲಿ.

ಪಕ್ಕದ ಹರಿಹರವಂತೂ ಆಗ ಗಡಿಯೂರು. ತುಂಗಭದ್ರೆಯ ಈಚೆ ದಡ ಮೈಸೂರು ಸಂಸ್ಥಾನ, ಆಚೆ ದಡ ಮುಂಬೈ ಪ್ರಾಂತ್ಯ. 1868ರಲ್ಲಿ ಹೊಳೆಗೆ ಕಲ್ಲಿನ ಸೇತುವೆ ಬಂತು, ಆಮೇಲೆ ಬೆಂಗಳೂರಿನಿಂದ ರೈಲು ಬಂತು. ಹತ್ತಿಯ ಅಂಡಿಗೆಗಳು ಎತ್ತಿನ ಗಾಡಿ ಬಿಟ್ಟು ವ್ಯಾಗನ್ ಏರಿದವು. 1930ರ ದಶಕದಿಂದ ದಾವಣಗೆರೆಯಲ್ಲಿ ಒಂದರ ಹಿಂದೆ ಒಂದು ನೂಲಿನ ಗಿರಣಿ ಎದ್ದು, ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಬಿರುದೂ ಅಂಟಿತು. ಇಂದು ಆ ಗಿರಣಿಗಳು ಹೆಚ್ಚುಕಡಿಮೆ ಇಲ್ಲ. ಚಿಗಟೇರಿ ಆಸ್ಪತ್ರೆಯಂಥ ಹೆಸರುಗಳು ಮಾತ್ರ ಆ ವರ್ತಕ ಮನೆತನಗಳನ್ನು ದಿನಾ ನೆನಪಿಸುತ್ತವೆ.

ಗಿರಣಿ ಹೋದ ಮೇಲೆ ಪೇಟೆಗೆ ಜೀವ ತುಂಬಿದ್ದು ಮೆಕ್ಕೆಜೋಳ. ಜೋಳ, ಹತ್ತಿ, ಶೇಂಗಾ ಬಿತ್ತುತ್ತಿದ್ದ ಮಳೆಯಾಶ್ರಿತ ಹೊಲಗಳು ಮೂರು ದಶಕಗಳಲ್ಲಿ ಇದಕ್ಕೆ ತಿರುಗಿದವು. ಹೈಬ್ರಿಡ್ ಬೀಜ, ಗೊಬ್ಬರ, ನಾಲ್ಕು ತಿಂಗಳು, ಹೆಚ್ಚು ಕೂಲಿ ಬೇಡ. ಮನೆಯಲ್ಲಿ ಅದನ್ನು ಯಾರೂ ಊಟಕ್ಕೆ ಇಟ್ಟುಕೊಳ್ಳುವುದಿಲ್ಲ, ಬೆಳೆದದ್ದೆಲ್ಲ ಮಾರುವುದಕ್ಕೇ. ತಮಿಳುನಾಡಿನ ನಾಮಕ್ಕಲ್ ಕಡೆಯ ಕೋಳಿ ಫಾರಂಗಳು, ಪಿಷ್ಟದ ಕಾರ್ಖಾನೆಗಳು ಇದರ ಹಳೆಯ ಗಿರಾಕಿಗಳು. ಆಮೇಲೆ ವಿಯೆಟ್ನಾಂ, ಮಲೇಷ್ಯಾ, ಬಾಂಗ್ಲಾದೇಶದ ಪಶು ಆಹಾರ ಕಂಪನಿಗಳೂ ಭಾರತದ ಮಾಲಿಗೆ ಕೈಯೊಡ್ಡಿದವು. 2012-13ರಲ್ಲಿ ದೇಶದ ರಫ್ತು 47 ಲಕ್ಷ ಟನ್ ದಾಟಿತ್ತು. ಬ್ರೆಜಿಲ್, ಅರ್ಜೆಂಟೀನಾದ ಹಡಗುಗಳು ಅಗ್ಗದ ಮಾಲು ತಂದ ವರ್ಷ ಅದೇ ಗಿರಾಕಿಗಳು ಇತ್ತ ತಿರುಗಿಯೂ ನೋಡಲಿಲ್ಲ.

ಇಲ್ಲಿಂದ ಮಾಲು ಹಡಗಿಗೆ ಹೋಗುವ ದಾರಿ ಸುಲಭದ್ದಲ್ಲ. ಎಲ್ಲಕ್ಕಿಂತ ಮೊದಲು ತೇವಾಂಶ. ಶೇಕಡಾ 14ಕ್ಕಿಂತ ಹೆಚ್ಚಿದ್ದರೆ ಖರೀದಿದಾರ ಮೂಗು ಮುರಿಯುತ್ತಾನೆ. ಮುಚ್ಚಿದ ಕಂಟೇನರಿನೊಳಗೆ ವಾರಗಟ್ಟಲೆ ಸಮುದ್ರದ ಸೆಕೆಯಲ್ಲಿ ಕೂತ ಹಸಿ ಕಾಳಿಗೆ ಬೂಷ್ಟು ಹಿಡಿದರೆ ಅಫ್ಲಾಟಾಕ್ಸಿನ್ ಎಂಬ ವಿಷ ಸೇರುತ್ತದೆ. ಪರೀಕ್ಷೆಯಲ್ಲಿ ಅದು ಮಿತಿ ಮೀರಿ ಸಿಕ್ಕರೆ ಇಡೀ ಲೋಡು ತಿರಸ್ಕಾರ. ಇಲ್ಲಿ ಕಟಾವು ಬರುವುದು ಅಕ್ಟೋಬರ್, ನವೆಂಬರ್‌ನಲ್ಲಿ, ಹಿಂಗಾರು ಮಳೆ ತಲೆ ಮೇಲಿರುವಾಗ. ಕಣವಿಲ್ಲದ ರೈತ ಹೆದ್ದಾರಿ ಪಕ್ಕದ ಸರ್ವಿಸ್ ರಸ್ತೆಯಲ್ಲಿ ಕಾಳು ಹರವುತ್ತಾನೆ, ಮೋಡ ಕಂಡರೆ ತಾಡಪಾಲು ಹೊದಿಸಲು ಓಡುತ್ತಾನೆ. ಒಣಗಿಸುವ ಯಂತ್ರ, ಸರಿಯಾದ ಗೋದಾಮು ಹಳ್ಳಿಗೆ ಹತ್ತಿರವಿದ್ದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತಿತ್ತು. ಬಂದರಿನ ವಿಸ್ತರಣೆಗೆ ಕೋಟಿಗಟ್ಟಲೆ ಎಣಿಸುವವರಿಗೆ ಕಣದ ಸಿಮೆಂಟು ಯಾಕೋ ಕಾಣುವುದಿಲ್ಲ.

ಮುಂದಿನದು ರಸ್ತೆಯ ಮಾತು. ಹತ್ತಿರದ ದೊಡ್ಡ ಬಂದರು ಮಂಗಳೂರಿನದೇ. ಆದರೆ ನಡುವೆ ಘಟ್ಟ ಇದೆ. ಆಗುಂಬೆಯ ತಿರುವುಗಳಲ್ಲಿ ಭಾರೀ ಲಾರಿ ಇಳಿಯುವಂತಿಲ್ಲ, ಹುಲಿಕಲ್ ಮತ್ತು ಶಿರಾಡಿಯಲ್ಲಿ ಮಳೆಗಾಲಕ್ಕೆ ಗುಡ್ಡ ಜರಿಯುವ ಭಯ. ಚೆನ್ನೈ ಅದರ ಎರಡರಷ್ಟು ದೂರವಾದರೂ ದಾರಿ ಹೆದ್ದಾರಿಯುದ್ದಕ್ಕೂ ಸಲೀಸು. ಮಾಲು ಹಡಗು ಏರುವ ಮೊದಲು ಕೀಟಕ್ಕೆ ಹೊಗೆ ಹಾಕಿಸಬೇಕು, ಸಸ್ಯ ಆರೋಗ್ಯ ಪ್ರಮಾಣಪತ್ರ ಪಡೆಯಬೇಕು, ಬ್ಯಾಂಕಿನ ಲೆಟರ್ ಆಫ್ ಕ್ರೆಡಿಟ್ ಹೊಂದಿಸಬೇಕು. ಒಂದೆರಡು ಕಂಟೇನರಿಗಾಗಿ ಇಷ್ಟೆಲ್ಲ ಓಡಾಡಲು ಮಂಡಿಯ ಸಣ್ಣ ವರ್ತಕನಿಗೆ ಪುರುಸೊತ್ತೂ ಇಲ್ಲ, ಬಂಡವಾಳವೂ ಇಲ್ಲ. ಬಂದರಿನ ದೊಡ್ಡ ಪಾರ್ಟಿ ಹೇಳಿದ ರೇಟಿಗೆ ಮಾಲು ತುಂಬಿಸಿ ಅವನು ಕೈತೊಳೆದುಕೊಳ್ಳುತ್ತಾನೆ. ಡಾಲರ್ ಏರಿದ ಲಾಭ ಆ ಪಾರ್ಟಿಗೆ, ಕಾಳು ಹಸಿಯಾದ ನಷ್ಟ ರೈತನಿಗೆ.

ಹರಿಹರದ ಕಥೆಯಲ್ಲಿ ಪರದೇಶದ ನಂಟಿನ ಇನ್ನೊಂದು ಬಗೆ ಇದೆ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಇಲ್ಲಿ ಲೇತ್ ಯಂತ್ರ ಕಟ್ಟಿತು. ಕಚ್ಚಾ ಮಾಲಿನ ಬದಲು ಕಸುಬನ್ನು ಮಾರಿದ ಕಾರ್ಖಾನೆ ಅದು. 1991ರ ನಂತರ ಆಮದು ಸುಂಕ ಇಳಿದು ತೈವಾನ್ ಮೊದಲಾದ ದೇಶಗಳ ಕಂಪ್ಯೂಟರ್ ಚಾಲಿತ ಯಂತ್ರಗಳು ಬಂದವು. ಹೊಸ ಶತಮಾನದ ಹೊಸ್ತಿಲಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಒಳಗಿನ ಕಾರಣಗಳೂ ಇದ್ದವೆನ್ನಿ. ಹೊಳೆಯ ಆಚೆ ಕುಮಾರಪಟ್ಟಣದಲ್ಲಿ 1972ರ ಹರಿಹರ ಪಾಲಿಫೈಬರ್ಸ್ ಇನ್ನೂ ನಡೆಯುತ್ತಿದೆ. ಹೆಸರು ಹರಿಹರದ್ದು, ಜಿಲ್ಲೆ ಹಾವೇರಿಯದ್ದು. ನೀಲಗಿರಿ ಮರ ಅದರ ಆಹಾರ, ತಿರುಳು ಅದರ ಸರಕು. ಅದಕ್ಕಾಗಿ ಗೋಮಾಳ ಕೊಡಬಾರದೆಂದು 1987ರಲ್ಲಿ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು ಹಣ್ಣಿನ ಗಿಡ ನೆಟ್ಟರು. ಪಾಲಿಫೈಬರ್ಸ್‌ನ ಮಾಲೀಕರಾದ ಬಿರ್ಲಾ ಸಮೂಹದವರು ಆಮೇಲೆ ಕೆನಡಾದಲ್ಲೂ ಸ್ವೀಡನ್‌ನಲ್ಲೂ ತಿರುಳಿನ ಗಿರಣಿಗಳನ್ನೇ ಕೊಂಡರು. ದೊಡ್ಡವರಿಗೆ ಹೀಗೆ ಇನ್ನೊಂದು ದೇಶದ ಕಾಡು ಸಿಗುತ್ತದೆ.

ಮೆಕ್ಕೆಜೋಳದವನಿಗೆ ಅಂಥ ದಾರಿ ಇಲ್ಲ. 2022ರಲ್ಲಿ ಉಕ್ರೇನಿನ ಯುದ್ಧದಿಂದ ಕಪ್ಪು ಸಮುದ್ರದ ಧಾನ್ಯ ನಿಂತಾಗ ಇಲ್ಲಿ ದರ ಏರಿತು, 2022-23ರಲ್ಲಿ ದೇಶದ ರಫ್ತು 34 ಲಕ್ಷ ಟನ್ ಮುಟ್ಟಿತು. 2023ರ ಡಿಸೆಂಬರ್‌ನಲ್ಲಿ ಬರದ ಕಾರಣ ಕೇಂದ್ರವು ಕಬ್ಬಿನ ಹಾಲಿನ ಎಥನಾಲ್‌ಗೆ ಲಗಾಮು ಹಾಕಿತು. ಮರುತಿಂಗಳೇ ಮೆಕ್ಕೆಜೋಳದ ಎಥನಾಲ್‌ಗೆ ಲೀಟರಿಗೆ 71.86 ರೂಪಾಯಿ ದರ ಕಟ್ಟಿತು. ಡಿಸ್ಟಿಲರಿಗಳು ಮಂಡಿಗೆ ಮುಗಿಬಿದ್ದವು, ದರ ಬೆಂಬಲ ಬೆಲೆಯನ್ನೂ ದಾಟಿತು, ಕೋಳಿ ಸಾಕಣೆದಾರರು ಗೋಳಿಟ್ಟರು. 2024ರ ಜೂನ್‌ನಲ್ಲಿ ಐದು ಲಕ್ಷ ಟನ್ನಿನಷ್ಟು ಮೆಕ್ಕೆಜೋಳಕ್ಕೆ ಸುಂಕ ಶೇ 15ಕ್ಕೆ ಇಳಿಯಿತು. ಮ್ಯಾನ್ಮಾರ್ ಮಾಲಿಗೆ ಸುಂಕವೇ ಇಲ್ಲ. 2024-25ರಲ್ಲಿ ಹತ್ತಿರ ಹತ್ತಿರ ಹತ್ತು ಲಕ್ಷ ಟನ್ ಒಳಬಂತು, ಹೆಚ್ಚಿನದು ಮ್ಯಾನ್ಮಾರ್‌ನದು, ಉಳಿದದ್ದರಲ್ಲಿ ಬಹುಪಾಲು ಉಕ್ರೇನಿನದು. ಕುಲಾಂತರಿ ಬೇಡವೆಂಬ ನಿಯಮವಿರುವುದರಿಂದ ಅಮೆರಿಕದ ಮಾಲು ಸದ್ಯ ಹೊರಗಿದೆ, ವ್ಯಾಪಾರ ಮಾತುಕತೆಯಲ್ಲಿ ಬಾಗಿಲು ಬಡಿಯುತ್ತಲೇ ಇದೆ.

ಆದರೆ 2025ರ ಕುಸಿತವನ್ನು ಆಮದಿನ ತಲೆಗೇ ಕಟ್ಟಿದರೆ ಅರ್ಧ ಸತ್ಯ. ಹಿಂದಿನ ವರ್ಷದ ದರ ನೋಡಿ ಎಲ್ಲರೂ ಅದನ್ನೇ ಬಿತ್ತಿದರು, ಬೆಳೆಯೂ ಚೆನ್ನಾಗಿ ಬಂತು. ಅದೇ ಹೊತ್ತಿಗೆ ಆಹಾರ ನಿಗಮದ 52 ಲಕ್ಷ ಟನ್ ಅಕ್ಕಿಯನ್ನು ಕಿಲೋಗೆ 22.50 ರೂಪಾಯಿಯಂತೆ ಡಿಸ್ಟಿಲರಿಗಳಿಗೆ ಹಂಚಲಾಗಿತ್ತು. ಅಗ್ಗದ ಅಕ್ಕಿ ಸಿಕ್ಕವನು ಮೆಕ್ಕೆಜೋಳಕ್ಕೆ ಯಾಕೆ 2,400 ಕೊಡುತ್ತಾನೆ? ನಮ್ಮ ಧರಣಿಗಳಲ್ಲಿ ಮ್ಯಾನ್ಮಾರ್‌ಗೆ ಬಿದ್ದಷ್ಟು ಬೈಗುಳ ಈ ಅಕ್ಕಿಗೆ ಬೀಳಲಿಲ್ಲ.

ದಾವಣಗೆರೆ ಸೀಮೆಯಲ್ಲಿ ಬೀಜದಂಗಡಿ ಮುಂದೆ ಸಾಲು ಹತ್ತುವುದು ಮೇ ಕೊನೆ, ಜೂನ್ ಮೊದಲ ವಾರ. ಸುಂಕ ಇಳಿಸಿದ 2024ರ ಆದೇಶ ಹೊರಬಿದ್ದಾಗ ಇಲ್ಲಿನ ಎಷ್ಟೋ ಹೊಲಗಳಲ್ಲಿ ಬೀಜ ಮಣ್ಣು ಸೇರಿತ್ತು. ಆಯಾ ವರ್ಷದ ಆಮದು ಕೋಟಾ ಎಷ್ಟು, ಡಿಸ್ಟಿಲರಿಗೆ ಅಕ್ಕಿ ಎಷ್ಟು, ಮೆಕ್ಕೆಜೋಳ ಎಷ್ಟು ಎಂಬುದನ್ನು ಏಪ್ರಿಲ್‌ನಲ್ಲೇ ಪ್ರಕಟಿಸಲು ಖಜಾನೆಯಿಂದ ಬಿಡಿಗಾಸೂ ಬೇಡ. ಬೆಂಬಲ ಬೆಲೆ ಕೇಳುವ ಮನವಿಪತ್ರಗಳಲ್ಲಿ ಇದೊಂದು ಸಾಲನ್ನೂ ರೈತ ಸಂಘಟನೆಗಳು ಸೇರಿಸಬೇಕು.